ನೆಲಕ್ಕೆ ಕೂಡುವ ಪ್ರಶ್ನೆ

ಮುಂಡರಗಿ,
ಫಾಲ್ಗುಣ ಬಹುಳ ಪಂಚಮಿ, ಇಸವಿ ೨೧೮೭

ಸೊಂಟದ ಕೀಲು ಬದಲಿಸಿಕೊಂಡವರಿಗೆ ಕೇಳಬೇಕಾದ ಪ್ರಶ್ನೆಗಳ ಪಟ್ಟಿಯನ್ನು ಇವತ್ತು ಬರೆಯುತ್ತ ಕೂತಿರುವ ಹಿರಿಯರಿಗೆ, ಸಂಗವ್ವನ ಶರಣಾರ್ಥಿ.

ಇಸವಿ ನೋಡಿ ಗಾಬರಿಯಾಗಬೇಡಿ. ನಮ್ಮ ಲೆಕ್ಕದಲ್ಲಿ ನೀವು ತೀರಿಕೊಂಡು ನೂರು ವರ್ಷದ ಮೇಲಾಯಿತು. ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಕ್ಕೆ ಕ್ಷಮೆಯಿರಲಿ. ನಮ್ಮ ಕೆಲವು ಮಾತು ನಿಮಗೆ ವಿಚಿತ್ರವೆನಿಸೀತು, ಬಿಡಿಸಿ ಹೇಳುತ್ತೇನೆ. ನಾನು ಕೀಲುದಫ್ತರದ ಕಾರಕೂನಳು. ಕೀಲು ಬದಲಿಸಿಕೊಂಡವರು ಆಮೇಲೆ ಹೇಗಿದ್ದಾರೆಂದು ವರ್ಷಾ ವರ್ಷಾ ಕೇಳಿ ಬರೆದಿಡುವ ಕಚೇರಿ ಅದು. ಕೇಳುವುದು ನಿಮ್ಮವೇ ಹತ್ತು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಅಂಕ, ಒಂದಕ್ಷರ ಬದಲಾಗಿಲ್ಲ. ಕಾಲುಚೀಲ ಹಾಕಿಕೊಳ್ಳಲು ಬರುತ್ತದೆಯೇ? ಕುರ್ಚಿಯಿಂದ ಏಳಲು ಬರುತ್ತದೆಯೇ? ಕಾರಿನಿಂದ ಇಳಿಯಲು? ಕಾರೆಂದರೆ ಏನೆಂದು ಈಗ ನಾವೇ ಜನಕ್ಕೆ ತಿಳಿಸಿ ಹೇಳಬೇಕು.

ನಮ್ಮವ್ವ ದ್ಯಾಮವ್ವನಿಗೆ ಎರಡನೇ ಸಲ ಕೂಡಿಸಿದ ಕೀಲು ಸಡಿಲಾಗಿತ್ತು. ಸುತ್ತಲಿನ ಎಲುಬು ಗೆದ್ದಲು ತಿಂದ ಬಾಗಿಲ ಚೌಕಟ್ಟಿನಂತಾಗಿತ್ತು. ಅಚ್ಚೆಲುಬು ಇಟ್ಟು ಮೂರನೇ ಸಲ ಕೂಡಿಸಬೇಕು, ಎರಡು ತಿಂಗಳೊಳಗೆ ಬನ್ನಿ ಅಂದರು ಡಾಕ್ಟರು. ಅಚ್ಚೆಲುಬೆಂದರೆ ಸವೆದು ಹೋದ ಎಲುಬಿನ ಅಳತೆಗೆ ಪದರ ಪದರವಾಗಿ ಎರೆದು ಮಾಡಿದ್ದು.

ಆಗ ಅವ್ವ ಒಂದು ಕೌದಿ ಹಿಡಿದಿದ್ದಳು. ನನ್ನ ಮಗಳು ಬಸುರಿ, ಕೂಸಿಗೆಂದು ಹಳೇ ಸೀರೆಗಳ ಕೌದಿ. ಹೊಲಿಗೆ ಅಂಚಿನಿಂದ ಶುರುವಾಗಿ ಸುತ್ತು ಬರುತ್ತ ನಟ್ಟನಡುವೆ ಮುಗಿಯುತ್ತದೆ. ನಡುವಿನ ಭಾಗಕ್ಕೆ ಬಂದಾಗ ಕೌದಿಯನ್ನು ನೆಲಕ್ಕೆ ಹಾಸಿ, ಅದರ ಮೇಲೇ ಕೂತು ಹೊಲಿಯಬೇಕು. ಅವ್ವ ಕೇಳಿದ್ದು ಒಂದೇ ಮಾತು: ಆಪರೇಷನ್ ಆದಮ್ಯಾಲೆ ನೆಲಕ್ಕ ಕೂಡಾಕ ಬರತೈತೇನ ಸಂಗಿ ಅಂತ. ನಾನು ದಫ್ತರ ತೆಗೆದು ನೋಡಿದೆ. ಅವಳಷ್ಟೇ ಎಲುಬು ಕಳಕೊಂಡು ಮೂರನೇ ಕೀಲು ಹಾಕಿಸಿಕೊಂಡವರು ಇನ್ನೂರ ಹನ್ನೊಂದು ಜನ, ಬಹುಪಾಲು ಎಲ್ಲರ ಅಂಕವೂ ಉತ್ತಮ. ಬರತೈತಿ ಬೇ, ಕಣ್ಣು ಮುಚ್ಚಿ ಹೋಗು ಅಂದೆ. ಡಾಕ್ಟರನ್ನ ಒಂದ್ಮಾತು ಕೇಳೂಣು ಅಂದಳು. ದಫ್ತರಕ್ಕಿಂತ ಡಾಕ್ಟರು ಹೆಚ್ಚೇನು ಅಂತ ಬಾಯಿ ಮುಚ್ಚಿಸಿದೆ. ಎಂಥ ಸೊಕ್ಕು ನಂದು!

ಕೀಲು ನಿಂತಿತು, ಸುಳ್ಳು ಹೇಳಬಾರದು. ನೋವು ಹೋಯಿತು, ಕೋಲು ಹಿಡಿದು ಊರಬಾಗಿಲ ಅಗಸಿತನಕ ನಡೆದು ಬಂದಳು. ಆದರೆ ಕೀಲನ್ನು ಹಿಡಿದಿಡುವ ಮಾಂಸಖಂಡವೇ ಉಳಿದಿರಲಿಲ್ಲ, ತೊಡೆ ಪೂರ್ತಿ ಮಡಚಿದರೆ ಜಾರುತ್ತಿತ್ತು. ಈ ಜನ್ಮಕ್ಕೆ ಇನ್ನು ನೆಲಕ್ಕೆ ಕೂಡುವಂತಿಲ್ಲ ಅಂದರು ಡಾಕ್ಟರು. ಅವ್ವ ಅವರನ್ನು ನೋಡಲಿಲ್ಲ, ನನ್ನ ಮುಖ ನೋಡಿದಳು.

ವರ್ಷ ತುಂಬಿದಾಗ ಅವಳಿಗೆ ಪ್ರಶ್ನೆ ಕೇಳುವ ಪಾಳಿ ನನಗೇ ಬಂತು. ಕಾಲುಚೀಲ? ಹುಟ್ಟಿದಾಗಿಂದ ಹಾಕಿದವಳಲ್ಲ, ತ್ರಾಸಿಲ್ಲ ಅಂದಳು. ನಲವತ್ತಕ್ಕೆ ಮೂವತ್ತೇಳು ಬಂತು. ಉತ್ತಮ ಅಂತ ಬರೆದು ಸಹಿ ಮಾಡಿದೆ. ಮೊದಲ ಗೊತ್ತಿದ್ದರ ನೋವು ತಿಂದಾದರೂ ಕೌದಿ ಮುಗಿಸೇ ಹೋಗತಿದ್ದೆ ಅಂದಳು ಅವ್ವ. ಅದನ್ನು ಬರೆಯಲು ಪಟ್ಟಿಯಲ್ಲಿ ಜಾಗವಿರಲಿಲ್ಲ. ಆಮೇಲೆ ಆ ಇನ್ನೂರ ಹನ್ನೊಂದರಲ್ಲಿ ಬದುಕಿದ್ದವರ ಮನೆಮನೆಗೆ ಹೋಗಿ ಕೇಳಿದೆ. ಮೂವರಿಗೆ ಬಿಟ್ಟು ಯಾರಿಗೂ ನೆಲಕ್ಕೆ ಕೂಡಲು ಬರುತ್ತಿರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಹೋದ ತಿಂಗಳು ಅವ್ವ ತೀರಿಕೊಂಡಳು. ಟ್ರಂಕಿನಲ್ಲಿ ಕೌದಿ ಸಿಕ್ಕಿತು. ಮಂಚದ ಮೇಲೆ ಕೂತು ಕೈಗೆ ಎಟುಕಿದಷ್ಟು, ಸುತ್ತಲೂ ಮೊಳದಗಲ ಹೊಲಿದಿದ್ದಾಳೆ. ನಡುವೆ ಸೀರೆಗಳು ಹಾಗೇ ಸಡಿಲ ಬಿದ್ದಿವೆ. ಕೌದಿಯ ಹೊಟ್ಟೆ ಹಸಿದಿರಬಾರದೆಂದು ಕೊನೆಯ ಹೊಲಿಗೆಯೊಳಗೆ ರೊಟ್ಟಿಯ ಚೂರಿಟ್ಟು ಮುಚ್ಚುವುದು ನಮ್ಮಲ್ಲಿ ಪದ್ಧತಿ.

ಹಿರಿಯರೇ, ಪೆನ್ನು ಇನ್ನೂ ನಿಮ್ಮ ಕೈಯಲ್ಲಿದೆ. ಹನ್ನೊಂದನೆಯದಾಗಿ ನೆಲಕ್ಕೆ ಕೂಡಲು ಬರುತ್ತದೆಯೇ ಎಂದು ಬರೆಯಿರಿ, ನಿಮ್ಮ ಕಾಲಿಗೆ ಬೀಳುತ್ತೇನೆ. ಬರೆದರೆ, ಮುಂದೆ ಯಾವಳೋ ಮಗಳು ದಫ್ತರ ತೆಗೆದು ನೋಡಿ, ಬರಂಗಿಲ್ಲ ಬೇ, ಮೊದಲ ಕೌದಿ ಮುಗಿಸು ಅಂತ ಅವ್ವನಿಗೆ ನಿಜ ಹೇಳುತ್ತಾಳೆ.

ಇವತ್ತು ರೊಟ್ಟಿಯ ಚೂರು ಪಕ್ಕದಲ್ಲಿಟ್ಟುಕೊಂಡು ಆ ಕೌದಿಯ ನಡುವೆ ಕೂತಿದ್ದೇನೆ. ನನಗೆ ನೆಲಕ್ಕೆ ಕೂಡಲು ಬರುತ್ತದೆ. ಹೊಲಿಯಲು ಬರುವುದಿಲ್ಲ.