ಕಂದು ಉಣ್ಣೆಯ ಎಳೆಗಳು

ವಿಮಾನನೆಲೆ, ವಿಲ್ಟ್‌ಶೈರ್
೨೩ ಸೆಪ್ಟೆಂಬರ್ ೧೯೪೭

ಪ್ರೀತಿಯ ಮ್ಯೂರಿಯಲ್,

ನಿನ್ನ ಮೂರು ಪತ್ರಗಳೂ ತಲುಪಿವೆ. ಉತ್ತರ ತಡವಾಯಿತೆಂದು ಬೈಯಬೇಡ; ಬೈದರೂ ಸರಿಯೇ, ತಪ್ಪು ನನ್ನದೇ. ಜೊತೆಗಿರುವ ಪೊಟ್ಟಣವನ್ನು ಈಗಲೇ ಬಿಚ್ಚಬೇಡ. ಮೊದಲು ಪತ್ರ ಓದಿ ಮುಗಿಸು.

ಮೂರರಲ್ಲೂ ನೀನು ಕೇಳಿರುವುದು ಒಂದೇ ಮಾತು: ನಮ್ಮ ಮಗ ಡೆರಿಕ್‌ನ ಕಂದು ಸ್ವೆಟರ್ ಎಲ್ಲಿ? ಬೀರುವನ್ನೆಲ್ಲ ಮಗುಚಿ ಹಾಕಿದೆಯಂತೆ, ಮನೆಗೆಲಸದವಳ ಮೇಲೂ ಸಂಶಯಪಟ್ಟೆಯಂತೆ. ಯುದ್ಧದಲ್ಲಿ ಅವನ ಬಾಂಬರ್ ವಿಮಾನ ಸಮುದ್ರದ ಮೇಲೆ ಕಾಣೆಯಾಗಿ ಮೂರೂವರೆ ವರ್ಷವಾಯಿತು. ಸತ್ತಿರಬಹುದೆಂದು ವಾಯುಪಡೆ ಬರೆದ ಕಾಗದವನ್ನು ನೀನು ಒಲೆಗೆ ಹಾಕಿದೆ. ಈಗ, "ಚಳೀಲಿ ಬಂದುಬಿಟ್ರೆ ಹುಡುಗ ಏನು ಹಾಕ್ಕೋತಾನೆ?" ಎಂದು ಕೇಳುತ್ತೀಯ. ಆ ಸಾಲು ಓದಿ ಮಡಿಚಿಟ್ಟ ಪತ್ರವನ್ನು ಇವತ್ತು ಮತ್ತೆ ತೆಗೆದಿದ್ದೇನೆ. ಆ ಮನೆಗೆಲಸದವಳನ್ನು ಏನೂ ಅನ್ನಬೇಡ. ಸ್ವೆಟರಿನ ಮಾತಿಗೆ ಬರುತ್ತೇನೆ, ಸ್ವಲ್ಪ ತಾಳು.

ಇಲ್ಲಿ ದಣಿವೇ ದಣಿವು. ನಾನಿರುವ ಮನೆಯೊಡತಿ ಮಿಸೆಸ್ ಟಟಲ್ ಬೆಳಿಗ್ಗೆ ಎರಡು ತುಂಡು ಬೂದು ಬ್ರೆಡ್ಡು ಮುಂದಿಟ್ಟು, "ಬ್ರೆಡ್ಡಿಗೂ ರೇಷನ್ನು, ನಿಮಗೆ ಮಾತ್ರ ಬೆಂಕಿ ಉಗುಳೋ ವಿಮಾನ! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದಳು. ನನಗೆ ಜುಟ್ಟೂ ಉಳಿದಿಲ್ಲವಲ್ಲ ಎಂದೆ. ನಕ್ಕು ಅರ್ಧ ತುಂಡು ಹೆಚ್ಚಿಗೆ ಕೊಟ್ಟಳು.

ನಾವು ರೂಪಿಸಿದ ಜೆಟ್ ವಿಮಾನಕ್ಕೆ ಬಾಲವಿಲ್ಲ, ರೆಕ್ಕೆಗಳು ಹಿಂದಕ್ಕೆ ಬಾಗಿವೆ, ನಿನಗೆ ಗೊತ್ತು. ಗಾಳಿ ಹಾಯಿಸಿ ಪರೀಕ್ಷಿಸುವ ಸುರಂಗದಲ್ಲಿ ಮರದ ಮಾದರಿ ಹೇಳಿದ ಮಾತು ಕೇಳಿತ್ತು, ನಿಜವಾದ ವಿಮಾನ ಕೇಳಲಿಲ್ಲ. ಇಳಿಯಲೆಂದು ವೇಗ ತಗ್ಗಿಸಿದರೆ ಸಾಕು, ಅದರ ಮೂಗು ತಾನಾಗಿ ಮೇಲೆದ್ದು, ಬೀಳುವಂತಾಗುತ್ತಿತ್ತು. ಪೈಲಟ್ ಪಿಕರಿಂಗ್ ನಮ್ಮ ಡೆರಿಕ್‌ನ ವಯಸ್ಸಿನವನು. ಎರಡು ಸಲ ಕೂದಲೆಳೆಯಲ್ಲಿ ಪಾರಾದ. "ನಿಮ್ಮ ಲೆಕ್ಕ ಚೆನ್ನಾಗೇ ಇದೆ ಸಾರ್. ಗಾಳಿಗೆ ಓದೋಕೆ ಬರಲ್ಲ, ಅಷ್ಟೇ" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಇನ್ನೊಬ್ಬ ತಾಯಿಯ ಮಗನನ್ನು ಆಕಾಶಕ್ಕೆ ಕೊಡುವ ಶಕ್ತಿ ನನ್ನಲ್ಲಿಲ್ಲ. ಕಾರಣ ಸಿಗುವವರೆಗೆ ನೆಲದ ಹತ್ತಿರ ವೇಗ ತಗ್ಗಿಸುವ ಪರೀಕ್ಷೆ ನಿಲ್ಲಿಸಿಬಿಟ್ಟೆ.

ಗಾಳಿ ರೆಕ್ಕೆಯನ್ನು ಎಲ್ಲಿ ಬಿಡುತ್ತದೆಂದು ನೋಡಲು ಹಳೆಯ ಉಪಾಯವೊಂದಿದೆ. ಬೆರಳುದ್ದದ ಉಣ್ಣೆಯ ಎಳೆಗಳನ್ನು ರೆಕ್ಕೆಯ ತುಂಬ ಅಂಟಿಸಿ, ಎತ್ತರದಲ್ಲಿ ಹಾರುವಾಗ ಚಿತ್ರ ತೆಗೆಯುವುದು. ಗಾಳಿ ಜೊತೆಗಿದ್ದಲ್ಲಿ ಎಳೆ ನೆಟ್ಟಗೆ ಮಲಗಿರುತ್ತದೆ. ಕೈಬಿಟ್ಟಲ್ಲಿ ಗಿರಗಿರ ಸುತ್ತುತ್ತದೆ. ಹೊಳೆಯುವ ಲೋಹದ ಮೇಲೆ ಕಾಣಬೇಕಾದರೆ ಗಾಢ ಬಣ್ಣವೇ ಬೇಕು. ಮುನ್ನೂರ ಅರವತ್ತು ಎಳೆಗಳನ್ನು ನಾನೇ ಮಂಡಿಯೂರಿ ಅಂಟಿಸಿದೆ. ಚಿತ್ರ ನೋಡಿದರೆ ರೆಕ್ಕೆಯ ತುದಿಯ ಕಡೆಯವೆಲ್ಲ ಹಿಂದುಮುಂದಾಗಿದ್ದವು. ಗಾಳಿ ತುದಿಗೆ ಅಡ್ಡಹಾಯದಂತೆ ರೆಕ್ಕೆಯ ಮೇಲೆ ಅಂಗೈ ಎತ್ತರದ ತಗಡಿನ ಬೇಲಿ ನಿಲ್ಲಿಸಿದೆವು. ನಿನ್ನೆ ಮೂಗು ಏಳಲಿಲ್ಲ. ಪಿಕರಿಂಗ್ ಇಳಿದು ಬಂದು, "ಇವತ್ತು ಗಾಳಿ ಓದ್ಕೊಂಡೇ ಬಂದಿತ್ತು ಸಾರ್!" ಎಂದು ಬೆನ್ನು ತಟ್ಟಿದ. ನನಗೆ ಸಂತೋಷಪಡಲೂ ಸುಸ್ತು. ಕೋಣೆಗೆ ಬಂದು ಮಲಗಿಬಿಟ್ಟೆ.

ವಿಮಾನವನ್ನು ಮುಂದುವರಿಸುವ ಬಗ್ಗೆ ಇಲಾಖೆಯವರದು ಅಡ್ಡಗೋಡೆಯ ಮೇಲೆ ದೀಪವಿಟ್ಟ ಮಾತು. ಭಾನುವಾರ ಮನೆಗೆ ಬರುತ್ತೇನೆ, ನೀನು ಬೇಡವೆನ್ನದಿದ್ದರೆ. ಮೊಣಕಾಲಿಗೆ ಶಾಖ ಕೊಡುವುದನ್ನು ತಪ್ಪಿಸಬೇಡ. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ,
ವಿಲ್ಫ್ರೆಡ್

ತಾ.ಕ.: ಸ್ವೆಟರನ್ನು ಜೂನ್‌ನಲ್ಲಿ ನಾನೇ ಇಲ್ಲಿಗೆ ತಂದಿದ್ದೆ, ನಿನಗೆ ಹೇಳದೆ. ಕತ್ತಿನ ಪಟ್ಟಿಯಲ್ಲಿ ಅವನ ವಾಸನೆ ಇತ್ತು. ರೆಕ್ಕೆಯ ಮೇಲಿನ ಎಳೆಗಳೆಲ್ಲ ಅದರವೇ. ಬೇರೆ ಉಣ್ಣೆ ಸಿಗಲಿಲ್ಲವೆಂದು ಬರೆದಿದ್ದರೆ ನೀನು ನಂಬುತ್ತಿದ್ದೆ. ಆದರೆ ಉಗ್ರಾಣದ ಆಬ್ರಿ, "ಎರಡು ದಿನ ಕಾಯಿರಿ, ಕರಿ ಉಣ್ಣೆ ತರಿಸ್ಕೊಡ್ತೀನಿ" ಎಂದಿದ್ದ. ವಿಮಾನಕ್ಕೇನೂ ಅವಸರವಿರಲಿಲ್ಲ. ಕಾಯುವುದು ನನ್ನಿಂದಲೇ ಆಗಲಿಲ್ಲ, ಮ್ಯೂರಿಯಲ್. ಬೇಕಾಗಿದ್ದದ್ದು ಒಂದು ಹಿಡಿ ಉಣ್ಣೆ; ನಾನು ಎಳೆಯುತ್ತಲೇ ಹೋದೆ. ಅವನು ಬರುವುದಿಲ್ಲವೆಂದು ನಿನ್ನನ್ನು ಕೇಳದೆ ಒಪ್ಪಿಕೊಂಡೆ. ಉಳಿದ ಉಣ್ಣೆಯ ಉಂಡೆಯೂ, ಬಿಚ್ಚಲು ಕೈ ಬಾರದ ಎಡತೋಳೂ ಪೊಟ್ಟಣದಲ್ಲಿವೆ.