ಸಕ್ಕರೆ ಪಾಕದ ಕೈಲಾಸ

16-10-61, ಸೋಮವಾರ
ಉಪವಾಸ. ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಇವರೊಬ್ಬರಿಗೆ ಉಪ್ಪಿಟ್ಟು ಕೆದಕಿಟ್ಟೆ. ದಸರಾ ಗೊಂಬೆಗಳಿಗೆ ಆರತಿ ಎತ್ತಿ, ಕೈಲಾಸವನ್ನೇ ನೋಡುತ್ತ ನಿಂತುಬಿಟ್ಟೆ. ನಾನೇ ಕಟ್ಟಿದ್ದು, ನಾನೇ ಬೆರಗಾಗುವುದು — ಶಿವನೇ, ಇದೂ ಅಹಂಕಾರವೇ. ಇರಲಿ.

ಸಕ್ಕರೆ ಪಾಕದಲ್ಲಿ ಅರಳು ಅಂಟಿಸಿದ ಬೆಟ್ಟ, ಸೊಂಟದೆತ್ತರ. ದೂರಕ್ಕೆ ಹಿಮವೇ. ಊರಿನಲ್ಲಿ ಶಿವರಾತ್ರಿಗೆ ಅಮ್ಮ ಕಟ್ಟುತ್ತಿದ್ದದ್ದು ಮೊಣಕಾಲೆತ್ತರ, ಒಂದು ರಾತ್ರಿಯ ಮಟ್ಟಿಗೆ. ನನ್ನದು ಹಬ್ಬ ಪೂರ್ತಿ ನಿಲ್ಲಬೇಕು. ಬುಧವಾರ ಮಹಿಳಾ ಸಮಾಜದವರು ಗೊಂಬೆ ಕಾಂಪಿಟಿಷನ್ನಿಗೆ ಜಯನಗರದ ಮನೆಮನೆ ನೋಡಲು ಬರುತ್ತಾರೆ. ಫಸ್ಟ್ ಪ್ರೈಜ್ ನನಗೇ ಎಂದು ಪಕ್ಕದ ಮುನಿಲಕ್ಷ್ಮಮ್ಮ ಹಾಲು ಅಳೆಯುತ್ತ ಹೇಳಿದಳು.

ಶಿವನ ಪಾದದ ಹತ್ತಿರ ಎರಡು ಇರುವೆ. ಭಕ್ತರು ಎಂದುಕೊಂಡು ಊದಿ ಕಳಿಸಿದೆ.

18-10-61, ಬುಧವಾರ, ಸಂಜೆ
ಭಕ್ತರು ಬಳಗ ಸಮೇತ ಬಂದರು.

ಸಮಾಜದ ಸೆಕ್ರೆಟರಿ ಕಮಲಾದೇವಿ ಕನ್ನಡಕ ಏರಿಸಿ ಬಗ್ಗಿದರು. ಬೆಟ್ಟ ಕೆಂಪಗೆ... ನಡೆಯುತ್ತಿತ್ತು. ನೋಡುನೋಡುತ್ತಲೇ ಒಂದು ಶಿಖರ ಕುಸಿದು, ನಂದಿ ಉರುಳಿಕೊಂಡು ಹೋಗಿ ಶೆಟ್ಟಿ ಗೊಂಬೆಯ ಅಕ್ಕಿ ಅಂಗಡಿಯೊಳಗೆ ಬಿದ್ದ. ಯಾರೂ ನಗಲಿಲ್ಲ. ಕಷ್ಟವಾದದ್ದು ಅದೇ. ಕಮಲಾದೇವಿಯವರ ಸೀರೆಗೂ ಹತ್ತಿದ್ದವಂತೆ. ಪಾಪ, ಗೇಟು ದಾಟುವವರೆಗೆ ತಡೆದುಕೊಂಡು ಆಮೇಲೆ ಕೊಡವಿದರಂತೆ.

ಇನ್ನು ಇಂಥ ಕೆಲಸಕ್ಕೆ ಕೈ ಹಾಕುವುದಿಲ್ಲ.

14-11-61, ಮಂಗಳವಾರ
ಇಷ್ಟು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಬತ್ತಿ ಹೊಸೆದೆ. ಹಪ್ಪಳ ಒಣಗಿಸಿದೆ.

ಕೈ ಮಾತ್ರ ಹೇಳಿದ್ದು ಕೇಳದು. ರೊಟ್ಟಿಗೆ ನಾದಿದ ಹಿಟ್ಟಿನಲ್ಲಿ ಇವತ್ತು ನಂದಿ ಮೂಡಿಬಿಟ್ಟ. ಕೊಂಬು, ಕೊರಳ ಗಂಟೆ, ಎಲ್ಲ. ರಿಟೈರ್ ಆದಮೇಲೆ ಇವರಿಗೆ ಹೊತ್ತಿಗೆ ಸರಿಯಾಗಿ ಹಸಿವು. ಕಾದು ಸಾಕಾಗಿ ಒಳಗೆ ಬಂದರು.

"ಇದನ್ನ ತಟ್ಟಿದ್ರೆ ನಿಂಗೆ ಪಾಪ, ತಿಂದ್ರೆ ನಂಗೆ ಪಾಪ. ಊಟಕ್ಕೇನು ಗತಿ, ಬಸವಲಿಂಗಿ?"

ನಕ್ಕುಬಿಟ್ಟೆ. ದಸರಾ ಆದಮೇಲೆ ಇದೇ ಮೊದಲು. ನಂದಿಯನ್ನು ಗೂಡಿನಲ್ಲಿಟ್ಟು ಬೇರೆ ಹಿಟ್ಟು ನಾದಿದೆ.

27-11-61, ಸೋಮವಾರ, ಬೆಳಿಗ್ಗೆ
ಉಪವಾಸ. ಕಮಲಾದೇವಿಯವರಿಂದ ಚೀಟಿ. ಬರುವ ವಾರ ಕಡೇ ಕಾರ್ತಿಕ ಸೋಮವಾರ, ಈಶ್ವರನ ಗುಡಿಯಲ್ಲಿ ದೀಪೋತ್ಸವ. ಸಮಾಜದ ಪರವಾಗಿ ನಾನು ಕೈಲಾಸ ಕಟ್ಟಬೇಕಂತೆ. ಇವತ್ತೇ ಉತ್ತರ ಬೇಕು. ಇಲ್ಲದಿದ್ದರೆ ಪೇಟೆಯಿಂದ ಬಣ್ಣದ ಕಾಗದದ್ದು ತರಿಸುತ್ತಾರಂತೆ.

ಕಾಗದದ ಕೈಲಾಸ...

ಆಸೆಯಾಯಿತು. ಅಷ್ಟೇ ಹೆದರಿಕೆ. ಗುಡಿ ತುಂಬ ಜನರ ಮುಂದೆ ಬೆಟ್ಟ ಮತ್ತೆ ನಡೆದರೆ? ಆಗುವುದಿಲ್ಲ ಎಂದು ಬರೆದು ಮುನಿಲಕ್ಷ್ಮಮ್ಮನ ಕೈಗೆ ಕೊಟ್ಟೆ. ಸಂಜೆ ನಾಲ್ಕಕ್ಕೆ ಕಮಲಾದೇವಿಯವರ ಮನೆಗೆ ಹಾಲು ಹಾಕುವವಳು ಅವಳೇ. ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಯಾಕೆ ಒಲ್ಲೆ ಅಂತ ಕೇಳಿದಳು. ಇರುವೆ ಎಂದೆ.

"ದಿನಗಟ್ಲೆ ಸಕ್ರೆ ಮುಂದೆ ಕುಂತು ಪೂಜೆ ಮಾಡುದ್ರೆ ಇರುವೆ ಬರ್ದೆ ಇನ್ಯಾರು ಬತ್ತಾರೆ, ಅಮ್ಮೋರೆ? ನಂಗಂತೂ ಒಂದ್ ಚೂರು ಕೊಡ್ಲಿಲ್ಲ ನೀವು."

ಅದೇ ದಿನ, ಮಧ್ಯಾಹ್ನ ಮೂರೂವರೆ
ಬರಿ ಹೊಟ್ಟೆ, ನಿದ್ದೆ ಬಾರದು. ಅವಳ ಮಾತೇ ಕಿವಿಯಲ್ಲಿ.

ಅಮ್ಮ ಬೆಟ್ಟವನ್ನು ಎಷ್ಟು ಹೊತ್ತು ಇಡುತ್ತಿದ್ದಳು? ಬೆಳಗಿನ ಆರತಿ ಆಗುವವರೆಗೆ. ಆಮೇಲೆ ತಾನೇ ಶಿಖರ ಮುರಿದು ಹಂಚುತ್ತಿದ್ದಳು. ಊರೆಲ್ಲ ಉಪವಾಸ ಬಿಡುತ್ತಿದ್ದದ್ದು ಅದರಿಂದಲೇ. ನಾನು ಪ್ರೈಜಿಗೆಂದು ಕಾಯ್ದು ಕೂತೆ.

ಕಡೇ ಸೋಮವಾರ ಗುಡಿಯಲ್ಲೆಲ್ಲ ಉಪವಾಸದವರೇ. ಮಧ್ಯಾಹ್ನ ಕಟ್ಟುವುದು, ರಾತ್ರಿ ಮಂಗಳಾರತಿ ಆದಕೂಡಲೇ ಮುರಿಯುವುದು. ಇರುವೆ ಬರುವ ಹೊತ್ತಿಗೆ ಹರಿವಾಣ ತೊಳೆದಾಗಿರುತ್ತದೆ. ಮೊದಲ ಚೂರು ಮುನಿಲಕ್ಷ್ಮಮ್ಮನಿಗೆ. ಎದೆಯೆತ್ತರ ಕಟ್ಟಬಹುದು — ತಿನ್ನುವವರು ಹೆಚ್ಚಲ್ಲವೇ. ನಂದಿ ಹೇಗೂ ಗೂಡಿನಲ್ಲಿ ತಯಾರಾಗಿ ಕೂತಿದ್ದಾನೆ.

ಶಿವನೇ, ಆ ಚೀಟಿ.

ಇವರು ಪೇಪರು ಮುಖಕ್ಕೆ ಹಾಕಿಕೊಂಡು ಮಲಗಿದ್ದರು. ಎಬ್ಬಿಸಿದೆ. ಬರಿ ಹೊಟ್ಟೆಯಲ್ಲಿ ನಾನು ಓಡಲಾರೆ, ನೀವೇ ಹೋಗಿ ನನ್ನ ಉತ್ತರ ವಾಪಸು ತನ್ನಿ ಎಂದೆ. ಎದ್ದು ಚಪ್ಪಲಿ ಹುಡುಕುತ್ತಿದ್ದಾರೆ. ಪಕ್ಕದ ಮನೆಯಲ್ಲಿ ಹಾಲಿನ ಕ್ಯಾನು ಸದ್ದಾಯಿತು.

"ರೀ, ಬರಿಗಾಲಲ್ಲೇ ಹೋಗಿ. ಗೇಟು ತೆಗೀತಿದಾಳೆ, ಆ ಚೀಟಿ ಇಸ್ಕೊಂಡು ಬನ್ನಿ!" ಎಂದು ಕೂತಲ್ಲಿಂದಲೇ ಕೂಗಿದೆ.