ಸೂರಿನ ಸಂದಿನ ಬಾನಾಡಿಗಳು

ಏಪ್ರಿಲ್ 15, ಸೋಮವಾರ

ಮೂರನೇ ಮನೆಯ ಹಿಂಬದಿ ಮಾಡು ಮುಗಿಯಿತು. ಕಲ್ಲುಹೆಂಚು ಒಂದೊಂದೂ ಹೆಣಭಾರ. ಗುಡ್ಡದ ಕಡೆಯಿಂದ ಚಾಕುವಿನಂಥ ಗಾಳಿ. ಬಲ ಮೊಣಕಾಲು ಮತ್ತೆ ತಕರಾರು ತೆಗೆದಿದೆ.

ಮಧ್ಯಾಹ್ನ ಸಾರವೆಯ ಮೇಲೇ ಊಟ. ಖಾದಿಮ್ ಹುಸೇನ್ ತನ್ನ ಹೆಂಡತಿ ಮಾಡಿದ ಸಮೋಸ ಕೊಟ್ಟ, ನನ್ನ ಚೀಸ್ ಸ್ಯಾಂಡ್‌ವಿಚ್ ಅರ್ಧ ಕಿತ್ತುಕೊಂಡ. ಹದಿನೆಂಟು ವರ್ಷದಿಂದ ಇದೇ ವ್ಯಾಪಾರ. ಅವನು ಸಾರವೆ ಕಟ್ಟುತ್ತಾನೆ, ನಾನು ಮಾಡು ಹೊದಿಸುತ್ತೇನೆ.

ಕೆಳಗೆ ಹಾಸಿದ್ದ ಊರಿನ ವಾರಪತ್ರಿಕೆಯಲ್ಲಿ ಮಿಸ್ ಬ್ಯಾರಕ್ಲಫ್ ಅಂಕಣ ಕಣ್ಣಿಗೆ ಬಿತ್ತು. ಶಾಲೆಯಲ್ಲಿ ನನಗೆ ಜೀವಶಾಸ್ತ್ರ ಕಲಿಸಿದವರು. ಹಿಲ್ಡಾ ಬ್ಯಾರಕ್ಲಫ್ ಎಂದು ಹೆಸರು ಹಿಡಿದು ಕರೆಯುವ ಧೈರ್ಯ ಈ ಐವತ್ತೊಂಬತ್ತರಲ್ಲೂ ಇಲ್ಲ. ನಲವತ್ತು ವರ್ಷದಿಂದ ಹಕ್ಕಿ-ಹುಳ-ಹೂವಿನ ಬಗ್ಗೆ ಬರೆಯುತ್ತಾ ಬಂದಿದ್ದಾರೆ.

ಇದು ಕೊನೆಯದಂತೆ. "ಮೊದಲು ಬಂದವರ ಬಗ್ಗೆ ಬರೆಯುತ್ತಿದ್ದೆ. ಈಗ ಬಾರದವರ ಬಗ್ಗೆ ಮಾತ್ರ." ಹೊಲದ ಟಿಟ್ಟಿಭ ಇಲ್ಲ. ಬೇಲಿಯ ಮುಳ್ಳಿಲಿ ಇಲ್ಲ. ಕೆರೆದಂಡೆಯ ಕಪ್ಪೆ ಇಲ್ಲ. ಮೇ ತಿಂಗಳಲ್ಲಿ ಆಫ್ರಿಕಾದಿಂದ ಬಂದು ನಮ್ಮ ಸೂರುಗಳ ಸಂದಿನಲ್ಲಿ ಮರಿ ಮಾಡುವ ಬಾನಾಡಿ, ಅಂದರೆ ಸ್ವಿಫ್ಟ್ ಎಂಬ ಕಪ್ಪು ಹಕ್ಕಿ, ಒಂದು ಕಾಲಕ್ಕೆ ಅರವತ್ತು ಜೋಡಿ ಇತ್ತಂತೆ. ಹೋದ ವರ್ಷ ನಾಲ್ಕೇ ಜೋಡಿ. ನಾಲ್ಕೂ ವೀವರ್ಸ್ ರೋ ಬೀದಿಯಲ್ಲಿ. "ಆ ಸಾಲುಮನೆಗಳ ಮಾಡು ಈಗ ರಿಪೇರಿಯಾಗುತ್ತಿದೆ. ಅಲ್ಲಿಗೆ ಮುಗಿಯಿತು."

ನಾನು ಕೂತಿದ್ದದ್ದು ವೀವರ್ಸ್ ರೋ ಮಾಡಿನ ಮೇಲೆ. ಉಳಿದ ಸ್ಯಾಂಡ್‌ವಿಚ್ ಮತ್ತೆ ಡಬ್ಬಿಗೆ ಹಾಕಿದೆ.

ಏಪ್ರಿಲ್ 16

ಬರೆದೇ ಬಿಡುತ್ತೇನೆ. ಯಾರೂ ಓದುವುದಿಲ್ಲ.

ಆಲ್ಬರ್ಟ್ ಸ್ಟ್ರೀಟ್, 1998, ಜೂನ್. ಹದಿನಾಲ್ಕು ಮನೆ. ಸೂರಿನಡಿಗೆ ಪ್ಲಾಸ್ಟಿಕ್ ಪಟ್ಟಿ ಬಡಿದು ಸಂದುಗಳನ್ನೆಲ್ಲ ಮುಚ್ಚಿದೆ. ನೀಟಾದ ಕೆಲಸ ಎಂದು ಎಲ್ಲರೂ ಹೊಗಳಿದರು. ಮಾರನೇ ದಿನ ಹೊರಗೆ ಕಪ್ಪು ಹಕ್ಕಿಗಳು ಬಂದು ಬಂದು ಪ್ಲಾಸ್ಟಿಕ್‌ಗೆ ಬಡಿದುಕೊಂಡವು. ಮೂರು ದಿನ. ಒಳಗಿನಿಂದ ಮರಿಗಳ ಸದ್ದು ಎರಡು ದಿನ. ಆಮೇಲೆ ಇಲ್ಲ.

ಏಣಿ ಹತ್ತಿ ಒಂದು ಪಟ್ಟಿ ಕೀಳಲು ಹತ್ತು ನಿಮಿಷ ಸಾಕಿತ್ತು. ರೇಡಿಯೋ ಜೋರು ಮಾಡಿದೆ.

ನೋರೀನ್‌ಗೂ ಹೇಳಿಲ್ಲ. ಮದುವೆಯಾಗಿ ಮೂವತ್ತಮೂರು ವರ್ಷ.

ಏಪ್ರಿಲ್ 18, ಗುರುವಾರ

ಕೆಲಸ ಮುಗಿಸಿ ನೇರ ಮಿಸ್ ಬ್ಯಾರಕ್ಲಫ್ ಮನೆಗೆ. ವೀವರ್ಸ್ ರೋ ಎದುರಿಗೇ. ಎಂಬತ್ತಾರು ವರ್ಷ, ಕೈಯಲ್ಲಿ ಕೋಲು. ಬಾಗಿಲು ತೆರೆದವರೇ ಕಾಲು ನೋಡಿದರು.

"ಬೂಟು ಹೊರಗೆ ಬಿಡು, ಸಗ್ಡನ್. ಶಾಲೇಲೂ ಹೀಗೇ ಮಣ್ಣು ತರ್ತಿದ್ದೆ."

ಅಡಿಗೆಮನೆಯಲ್ಲಿ ನಿಂತೇ ಆಲ್ಬರ್ಟ್ ಸ್ಟ್ರೀಟ್ ಕತೆ ಹೇಳಿದೆ. ಕೆಟಲ್ ಕುದಿದು ತಾನೇ ಆರಿತು. ಬೈಯುತ್ತಾರೆ, ಬೈಯಲಿ ಅಂದುಕೊಂಡೆ.

"ಅದು ನೀನಾ... ನಾನು ಆವತ್ತು ಕೆಳಗೆ ಫುಟ್‌ಪಾತಿನಲ್ಲಿ ನಿಂತಿದ್ದೆ."

"ನೋಡಿದ್ರಾ?"

"ಎಲ್ಲಾ ನೋಡಿದೆ. ಏಣಿ ನಿನ್ನದಿತ್ತು, ಬಾಯಿ ನನ್ನದಿತ್ತು. ಕೂಗಿ ಕರೀಬಹುದಿತ್ತು. ಕರೀಲಿಲ್ಲ. ಮನೆಗೆ ಬಂದು ಒಂದು ಚೆಂದದ ಪ್ಯಾರಾ ಬರೆದೆ. ಓದಿದವರೆಲ್ಲ ಕಣ್ಣಲ್ಲಿ ನೀರು ಬಂತು ಅಂದ್ರು. ಹಕ್ಕಿಗೇನು ಬಂತು?"

ಆಮೇಲೆ ಕಪಾಟಿನಿಂದ ನೋಟ್‌ಬುಕ್ಕಿನ ರಾಶಿ ತೆಗೆದು ಮೇಜಿನ ಮೇಲೆ ಧೊಪ್ಪನೆ ಹಾಕಿದರು. ವೀವರ್ಸ್ ರೋದ ಒಂದೊಂದು ಸಂದೂ ಚಿತ್ರ ಸಮೇತ. ಯಾವ ಮಳೆನೀರಿನ ಕೊಳವೆಯಿಂದ ಎಷ್ಟು ದೂರ, ಯಾವ ಕಲ್ಲಿನ ಪಕ್ಕ.

"ಬಾನಾಡಿ ಹುಟ್ಟಿದ ಮೇಲೆ ಎರಡು ಮೂರು ವರ್ಷ ನೆಲಕ್ಕೇ ಇಳಿಯೋದಿಲ್ಲ, ಸಗ್ಡನ್. ಊಟ, ನಿದ್ದೆ ಎಲ್ಲಾ ಗಾಳೀಲೇ. ಇಳಿಯೋದು ಒಂದೇ ಕಡೆ, ಗೂಡಿಗೆ. ಪ್ರತಿ ವರ್ಷ ಅದೇ ಸಂದು. ಒಂದಂಗುಲ ಆಚೀಚೆ ಆದ್ರೂ ಗೋಡೆಗೆ ಡಿಕ್ಕಿ."

"ಅಂಗುಲ ತಪ್ಪದ ಹಾಗೆ ಕಟ್ತೀನಿ, ಮಿಸ್."

"ಮೇ ಮೊದಲ ವಾರ ಬರ್ತವೆ."

"ಗೊತ್ತು."

"ಹಾಗಾದ್ರೆ ಇಲ್ಲಿ ಯಾಕೆ ಟೀ ಕುಡೀತಾ ಕೂತಿದೀಯ?"

ಟೀ ಕೊಟ್ಟೇ ಇರಲಿಲ್ಲ.

ಏಪ್ರಿಲ್ 19

ಸೈಟ್ ಮ್ಯಾನೇಜರ್ ಪಿಕಲ್ಸ್ ಜೊತೆ ಜಟಾಪಟಿ.

"ಹೊಸಾ ಮಾಡು ಹಾಕಿ ಬೇಕಂತಲೇ ತೂತು ಬಿಡೋದಾ? ತಲೆ ಕೆಟ್ಟಿದೆಯಾ ಆಲ್ವಿನ್ ಸಗ್ಡನ್?"

"ತೂತಲ್ಲ. ಸೂರಿನ ಒಳಗೆ ಮರದ ಪೆಟ್ಟಿಗೆ. ಮನೆಯೊಳಕ್ಕೆ ಒಂದು ಹನಿ ನೀರು ಬಂದ್ರೆ ನನ್ನ ಕೇಳಿ."

"ಹಿಂಬದಿ ಮುಗಿಸಿ ಆಮೇಲೆ ಮುಂಬದಿ. ಪ್ಲಾನ್ ಅದು."

"ಗೂಡಿರೋದು ಮುಂಬದೀಲಿ. ಹಕ್ಕಿ ಸೇರಿದ ಮೇಲೆ ಮುಟ್ಟೋಕೆ ಕಾನೂನು ಬಿಡಲ್ಲ. ಆಗಸ್ಟ್‌ವರೆಗೆ ಕೈಕಟ್ಟಿ ಕೂರಬೇಕು. ಮುಂಬದಿ ಈಗ್ಲೇ ಮುಗಿಸಿಬಿಡ್ತೀನಿ."

ಅದು ನಾಟಿತು. ಮೇ ಮೂರರ ಸಂಜೆಯೊಳಗೆ ಹನ್ನೊಂದು ಮನೆಯ ಮುಂಬದಿ ಮುಗಿದು ಸಾರವೆ ಇಳಿದಿರಬೇಕು. ಇಲ್ಲವಾದರೆ ಸಂದುಗಳಿಗೆ ಪ್ಲಾಸ್ಟಿಕ್ ಪಟ್ಟಿ ಬಡಿಸುತ್ತಾನೆ. ಎರಡು ವಾರ. ನಾಲ್ಕು ವಾರದ ಕೆಲಸ.

ಖಾದಿಮ್‌ಗೆ ಹೇಳಿದೆ. ತಲೆ ಕೆರೆದುಕೊಂಡ. "ಗುರೂ, ನಮ್ಮಪ್ಪ ನಾಲ್ಕು ಸಾವಿರ ಮೈಲಿ ಹಾರಿ ಬಂದು ಈ ಊರಲ್ಲಿ ಬಾಡಿಗೆ ಮನೆಗೆ ಅಲೆದಿದ್ದ. ಅವನ ಕಷ್ಟ ಆ ಹಕ್ಕಿಗ್ಯಾಕೆ? ನಾಳೆ ಬೆಳಿಗ್ಗೆ ಆರಕ್ಕೆ ಬರ್ತೀನಿ."

ನೋರೀನ್‌ಗೆ ಎಲ್ಲ ಹೇಳಿದೆ. ಆಲ್ಬರ್ಟ್ ಸ್ಟ್ರೀಟ್ ಸಮೇತ. ನನ್ನ ಕೈ ಹಿಡಿದುಕೊಂಡಳು, ಅಷ್ಟೇ. ಆಮೇಲೆ, "ಪೆಟ್ಟಿಗೆಗೆ ಹಲಗೆ ನಾನು ಕುಯ್ದು ಕೊಡ್ತೀನಿ. ಗರಗಸ ಎಲ್ಲಿ?"

ಏಪ್ರಿಲ್ 24

ಮಿಸ್ ಬ್ಯಾರಕ್ಲಫ್ ಫುಟ್‌ಪಾತಿಗೆ ಕುರ್ಚಿ ಹಾಕಿಸಿಕೊಂಡಿದ್ದಾರೆ. ತೊಡೆಗೆ ಕಂಬಳಿ, ಕೊರಳಲ್ಲಿ ದುರ್ಬೀನು, ಕೈಯಲ್ಲಿ ನೋಟ್‌ಬುಕ್.

"ಇನ್ನೊಂದು ಬೆರಳು ಎಡಕ್ಕೆ!"

"ಇಷ್ಟಾ ಮಿಸ್?"

"ಅದು ನಿನ್ನ ಬೆರಳು. ಮನುಷ್ಯರ ಬೆರಳು ಹೇಳಿದ್ದು!"

ಖಾದಿಮ್ ನಕ್ಕು ನಕ್ಕು ಕಂಬ ಹಿಡಿದುಕೊಂಡ. "ನನ್ನ ಅತ್ತೆ ಇವರ ಮುಂದೆ ಏನೂ ಅಲ್ಲ, ಗುರೂ."

"ಕೇಳಿಸ್ತು, ಹುಸೇನ್! ನಿಮ್ಮತ್ತೆಗೆ ನನ್ನ ನಮಸ್ಕಾರ ತಿಳಿಸು!"

ಆರನೇ ಮನೆಯ ಸಂದಿನಲ್ಲಿ ಹಳೇ ಗೂಡು ಸಿಕ್ಕಿತು. ಅಂಗೈಯಗಲ. ಗಾಳಿಯಲ್ಲಿ ಹಿಡಿದ ಪುಕ್ಕ, ಹುಲ್ಲಿನೆಳೆ, ಎಂಜಲಿನ ಅಂಟು. ಪೆಟ್ಟಿಗೆಯೊಳಕ್ಕೆ ಹಾಗೇ ಎತ್ತಿಟ್ಟೆ. ಉಸಿರು ಬಿಗಿಹಿಡಿದು.

ಏಪ್ರಿಲ್ 29

ಮೂರು ದಿನ ಮಳೆ. ಒದ್ದೆ ಕಲ್ಲಿನ ಮೇಲೆ ಹತ್ತುವ ಹಾಗಿಲ್ಲ. ನಾಲ್ಕು ಮನೆ ಬಾಕಿ.

ಪಿಕಲ್ಸ್ ಕಾರಿನ ಕಿಟಕಿ ಇಳಿಸಿ, "ಶುಕ್ರವಾರ, ಆಲ್ವಿನ್," ಎಂದು ಹೋದ. ಹಿಂದಿನ ಸೀಟಿನಲ್ಲಿ ಪ್ಲಾಸ್ಟಿಕ್ ಪಟ್ಟಿಯ ಕಟ್ಟು. ತೋರಿಸುವುದಕ್ಕೇ ತಂದದ್ದು.

ಮೇ 3, ಶುಕ್ರವಾರ

ಮುಗಿಯಿತು. ಐದೂ ಮುಕ್ಕಾಲಿಗೆ ಕೊನೆಯ ಹೆಂಚು. ಖಾದಿಮ್‌ನ ಇಬ್ಬರು ತಮ್ಮಂದಿರೂ ಬಂದು ಸಾರವೆ ಬಿಚ್ಚಿದರು. ಹಳೆಯ ನಾಲ್ಕು ಸಂದು ಇದ್ದಲ್ಲೇ ಇವೆ. ಜೊತೆಗೆ ಹೊಸ ಪೆಟ್ಟಿಗೆ ಹದಿನಾರು. ಒಟ್ಟು ಇಪ್ಪತ್ತು ಬಾಗಿಲು.

ಪಿಕಲ್ಸ್ ಟಾರ್ಚ್ ಹಿಡಿದು ಒಂದೊಂದೂ ನೋಡಿದ. ತಪ್ಪು ಸಿಗಲಿಲ್ಲ. "ಹಕ್ಕಿ ಬಾರದಿದ್ರೆ ಊರೆಲ್ಲ ನಗುತ್ತೆ," ಎಂದ.

ಬೆರಳು ಮಡಚಲಾಗುತ್ತಿಲ್ಲ. ಅಕ್ಷರ ಸೊಟ್ಟಗೆ.

ಮೇ 7

ಇಲ್ಲ.

ಮೇ 9

ಇಲ್ಲ. ಬಡಗಣ ಗಾಳಿ. ಆಕಾಶ ಖಾಲಿ. ಬೀದಿಯವರು ಹೋಗುತ್ತಾ ಬರುತ್ತಾ ತಲೆಯೆತ್ತುತ್ತಾರೆ, ನನ್ನನ್ನು ಕಂಡರೆ ತಗ್ಗಿಸುತ್ತಾರೆ.

"ಇಷ್ಟು ತಡ ಯಾವತ್ತಾದ್ರೂ ಆಗಿತ್ತಾ?" ಎಂದು ಮಿಸ್ ಬ್ಯಾರಕ್ಲಫ್‌ರನ್ನು ಕೇಳಿದೆ. ನೋಟ್‌ಬುಕ್ ತೆರೆಯಲಿಲ್ಲ. "ಇಲ್ಲ," ಎಂದರು.

ಮೇ 12, ಭಾನುವಾರ

ಬಂದವು!!

ಊಟಕ್ಕೆ ಕೂತಿದ್ದೆವು. ಫೋನ್. ಅತ್ತಲಿಂದ ಒಂದೇ ಮಾತು: "ಸಗ್ಡನ್, ಬೂಟು ಹಾಕ್ಕೋ."

ನೋರೀನ್ ಕಾರು ಓಡಿಸಿದಳು. ನಾನು ಓಡಿಸುವ ಸ್ಥಿತಿಯಲ್ಲಿ ಇರಲಿಲ್ಲ. ಬೀದಿ ತಿರುವಿನಲ್ಲೇ ಕೇಳಿಸಿತು. ಆ ಕಿರುಚು. ಮೇಲೆ ಎರಡು, ಅಲ್ಲ ಮೂರು, ಕುಡುಗೋಲಿನಂಥ ಕಪ್ಪು ರೆಕ್ಕೆ. ಚಿಮಣಿಗಳ ನಡುವೆ ನುಗ್ಗಿ ಬಂದು ಮತ್ತೆ ಎತ್ತರಕ್ಕೆ.

ಒಂದು ಆರನೇ ಮನೆಗೆ ನೇರ ಬಂತು. ಕೊನೇ ಗಳಿಗೆಯಲ್ಲಿ ತಿರುಗಿಕೊಂಡಿತು. ಅಳತೆ ತಪ್ಪಿತೇ? ಮತ್ತೆ ಬಂತು. ಗೋಡೆಗೆ ತಾಗಿ ಜಾರಿತು. ಮನೆಗಳ ಜನ ಎಲ್ಲ ಹೊರಗೆ, ಕೆಲವರು ತಟ್ಟೆ ಹಿಡಿದುಕೊಂಡೇ.

ಮೂರನೇ ಸಲ — ಬಂತು, ರೆಕ್ಕೆ ಮಡಿಸಿತು, ಸರ್ರನೆ ಒಳಗೆ.

ಬೀದಿಗೆ ಬೀದಿಯೇ ಕೂಗಿತು. ಫುಟ್‌ಬಾಲ್ ಗೋಲಿಗೆ ಕೂಗುವ ಹಾಗೆ. ಅಷ್ಟರಲ್ಲಿ ಬಂದಿದ್ದ ಖಾದಿಮ್ ನನ್ನನ್ನು ಎತ್ತಿಯೇಬಿಟ್ಟ. ತೊಂಬತ್ತೈದು ಕಿಲೋ! ಮಿಸ್ ಬ್ಯಾರಕ್ಲಫ್ ಗಡಿಯಾರ ನೋಡಿ ಬರೆದುಕೊಂಡರು: 1.52. ಕನ್ನಡಕ ತೆಗೆದು ಒರೆಸಿದರು. ಮತ್ತೆ ಒರೆಸಿದರು.

"ಮಿಸ್, ಅಳತೆ ಸರಿಯಾಗಿತ್ತಾ?"

"ಹತ್ತಕ್ಕೆ ಒಂಬತ್ತು, ಸಗ್ಡನ್. ಎರಡು ಸಲ ತಿರುಗಿಸಿದೆಯಲ್ಲ."

ಜೀವಮಾನದಲ್ಲಿ ಅವರಿಂದ ಮೂರರ ಮೇಲೆ ಪಡೆದವನಲ್ಲ.

ಮೇ 21

ನಾಲ್ಕಕ್ಕೆ ನಾಲ್ಕೂ ಜೋಡಿ.

ಜೂನ್ 19

ಐದನೇ ಜೋಡಿ! ಹೊಸ ಪೆಟ್ಟಿಗೆಗೆ, ಒಂಬತ್ತನೇ ಮನೆ. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಲೆಕ್ಕ ಮೇಲಕ್ಕೆ ಹೋಗಿದೆ ಎಂದರು ಮಿಸ್ ಬ್ಯಾರಕ್ಲಫ್. ಈ ವರ್ಷ ಮೊಟ್ಟೆ ಇಡುವುದಿಲ್ಲವಂತೆ. ಮನೆ ನೋಡಿ ಹಿಡಿದಿಟ್ಟು, ಬರುವ ವರ್ಷಕ್ಕೆ ಸಂಸಾರ.

ನಾವೂ ಹಾಗೇ ಮಾಡಿದ್ದು ಎಂದಳು ನೋರೀನ್.

ಜುಲೈ 9

ಸಂಜೆ ಹದಿನೇಳು ಹಕ್ಕಿ ಒಟ್ಟಿಗೆ, ಬೀದಿಯ ಉದ್ದಕ್ಕೂ ತಲೆಮಟ್ಟದಲ್ಲಿ ಕಿರುಚುತ್ತಾ. ಇನ್ನೂ ಗೂಡು ಮಾಡದ ಎಳೆಯ ಹಕ್ಕಿಗಳು ಬಂದು ಬಂದು ಹೊಸ ಪೆಟ್ಟಿಗೆಗಳ ಬಾಗಿಲು ಬಡಿಯುತ್ತಿವೆ.

ಬೀದಿ ಕೊನೆಯಲ್ಲಿ ಪಿಕಲ್ಸ್, ಕತ್ತು ಹಿಂದಕ್ಕೆ ಬಾಗಿಸಿ ನಿಂತಿದ್ದಾನೆ. ಮಗಳನ್ನೂ ಕರೆತಂದಿದ್ದಾನೆ. ನನ್ನನ್ನು ಕಂಡು ಗಂಟಲು ಸರಿಮಾಡಿಕೊಂಡ.

"ಸೆಪ್ಟೆಂಬರಲ್ಲಿ ಚಾಪೆಲ್ ಸ್ಟ್ರೀಟ್ ಶುರು. ಇಪ್ಪತ್ತೆಂಟು ಮನೆ."

"ಹೂಂ."

"ಆ ಡಬ್ಬ... ಅಲ್ಲಿಗೂ ಇಡು. ಪ್ಲಾನಲ್ಲೇ ಬರೆಸಿದೀನಿ."

"ತೂತು ಬಿಡೋದಾ ಸರ್?"

"ಬಾಯಿ ಮುಚ್ಚು, ಆಲ್ವಿನ್."

ಪತ್ರಿಕೆಯವರು ಮಿಸ್ ಬ್ಯಾರಕ್ಲಫ್‌ರಿಗೆ ಮತ್ತೆ ಬರೆಯಿರಿ ಎಂದು ದುಂಬಾಲು ಬಿದ್ದಿದ್ದಾರಂತೆ. ಪುರಸೊತ್ತಿಲ್ಲ ಎಂದುಬಿಟ್ಟರು. ಚಾಪೆಲ್ ಸ್ಟ್ರೀಟಿನ ಮನೆಮನೆಗೂ ಕೋಲೂರಿಕೊಂಡು ಹೋಗಿ, ಹಕ್ಕಿಪೆಟ್ಟಿಗೆಗೆ ಒಪ್ಪಿಸಲು ಬಾಗಿಲು ತಟ್ಟುತ್ತಿದ್ದಾರೆ.

ಜುಲೈ 26, ಶುಕ್ರವಾರ. ಬೆಳಿಗ್ಗೆ 6.40

ವೀವರ್ಸ್ ರೋ ಎದುರು, ಗೋಡೆಗೊರಗಿ ಬರೆಯುತ್ತಿದ್ದೇನೆ. ಇತ್ತೀಚೆಗೆ ಏಳು ಮರಿ ಹಾರಿಹೋಗಿವೆ. ಒಂದೂ ಕಣ್ಣಿಗೆ ಬಿದ್ದಿಲ್ಲ. ಇದೊಂದು ಬಾಕಿ, ಎರಡನೇ ಮನೆಯದು. ನಿನ್ನೆಯಿಂದ ಬಾಗಿಲಿಗೆ ಬರುತ್ತದೆ, ಹಿಂದಕ್ಕೆ ಹೋಗುತ್ತದೆ.

6.55. ಮೂತಿ ಹೊರಗೆ. ಗಲ್ಲದ ಕೆಳಗೆ ಬಿಳಿ. ಮಿಸ್ ಬ್ಯಾರಕ್ಲಫ್ ಗೌನಿನಲ್ಲೇ ಬಂದು ನನ್ನ ತೋಳು ಹಿಡಿದು ನಿಂತಿದ್ದಾರೆ. "ಅಭ್ಯಾಸ ಇಲ್ಲ, ಎರಡನೇ ಸಲ ಇಲ್ಲ," ಎನ್ನುತ್ತಾರೆ. "ಬಿಟ್ಟರೆ ಆಫ್ರಿಕಾನೇ."

7.02. ಖಾದಿಮ್ ಟೀ ಹಿಡಿದು ಬಂದ. ಮಾತಾಡಬೇಡ ಎಂದು ಕೈಸನ್ನೆ ಮಾಡಿದೆ. ಈಗ ತಲೆ ಪೂರ್ತಿ ಹೊರಗೆ. ಭುಜ. ಒಂದು ರೆಕ್ಕೆ —

ಜಾರಿತು, ಬಿದ್ದೇಬಿಟ್ಟಿತು, ಅಯ್ಯೋ ನೆಲ... ಇಲ್ಲ, ಇಲ್ಲ! ಎತ್ತಿತು! ಚಿಮಣಿ ದಾಟಿತು, ಚರ್ಚಿನ ಗೋಪುರಕ್ಕಿಂತ ಮೇಲೆ, ಇನ್ನೂ ಮೇಲೆ, ಮಿಸ್ ಬ್ಯಾರಕ್ಲಫ್ ಕೋಲು ಬಿಸಾಕಿ ಎರಡೂ ಕೈ ಮೇಲೆತ್ತಿ ಕೂಗುತ್ತಿದ್ದಾರೆ!